ಕೈ ಸೋತಾಗ ಕಾಯಕ ಯಾವುದು?

ಪ್ರಶ್ನೆ: ನನಗೆ 46 ವರ್ಷ. ಊರು ದಾವಣಗೆರೆ. ಇಪ್ಪತ್ತು ವರ್ಷ ಮನೆಯಲ್ಲೇ ಬ್ಲೌಸ್ ಹೊಲಿದು ಸಂಸಾರಕ್ಕೆ, ಮಗಳ ಫೀಸಿಗೆ ಹೆಗಲು ಕೊಟ್ಟವಳು. ಆರು ವರ್ಷದ ಹಿಂದೆ ಬೆರಳಿನ ಗೆಣ್ಣು, ಮಣಿಕಟ್ಟು ಊದಿಕೊಂಡು ನೋವು ಶುರುವಾಯಿತು. ರುಮಟಾಯ್ಡ್ ಸಂಧಿವಾತ ಎಂದರು. ಮಾತ್ರೆಯಿಂದ ಹಿಡಿತಕ್ಕೆ ಬಂದಿದೆ, ಆದರೆ ಪೂರ್ತಿ ವಾಸಿಯಾಗುವುದಿಲ್ಲವಂತೆ. ಬೆಳಿಗ್ಗೆ ಎದ್ದರೆ ಮುಷ್ಟಿ ಮಡಚಲು ಒಂದು ಗಂಟೆ ಬೇಕು. ಆರಾಮ ಅನಿಸಿದ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಲು ಹೋಗಿ ಆಮೇಲೆ ನಾಲ್ಕು ದಿನ ಮಲಗುತ್ತೇನೆ. ಯುಗಾದಿಗೆ ಆರು ಬ್ಲೌಸ್ ಒಪ್ಪಿಕೊಂಡು, ಎರಡು ಮುಗಿಸಿ, ಉಳಿದದ್ದನ್ನು ವಾಪಸ್ ಕೊಟ್ಟೆ. ಅವತ್ತಿನಿಂದ ಮೆಷಿನ್ ಮೇಲೆ ಹಳೇ ಸೀರೆ ಹೊದಿಸಿಬಿಟ್ಟಿದ್ದೇನೆ. ನೋಡಿದವರು 'ಚೆಂದ ಕಾಣ್ತೀಯಲ್ಲ, ಏನಾಗೈತಿ ನಿನಗ?' ಅಂತಾರೆ. ಕೆಲವರು ಗಟ್ಟಿಯಾಗಿರು ಅಂತಾರೆ, ಕೆಲವರು ಮಾತ್ರೆ ಬಿಟ್ಟು ಯಾರೋ ಕೊಡುವ ಪುಡಿ ತಗೋ ಅಂತಾರೆ. ಕಾಯಕವೇ ಕೈಲಾಸ ಎಂದು ನಂಬಿ ಬೆಳೆದವಳು ನಾನು. ಕೈಯೇ ನಡೆಯದ ಮೇಲೆ ನನ್ನ ಬದುಕಿಗೆ ಏನರ್ಥ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೆಷಿನ್ ಮೇಲೆ ಹೊದಿಸಿದ ಆ ಹಳೇ ಸೀರೆ. ನಾನು ಮನೋವೈದ್ಯೆ. ಕೀಲಿನ ವೈದ್ಯರು, ಕಿಡ್ನಿ ವೈದ್ಯರು, ಸಕ್ಕರೆ ಕಾಯಿಲೆ ನೋಡುವವರು ತಮ್ಮ ರೋಗಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. 'ಎಲ್ಲಿ ನೋವು?' ಎಂದರೆ ಅವರು ಮೈ ತೋರಿಸುತ್ತಾರೆ. 'ಏನು ಬೇಜಾರು?' ಎಂದರೆ ಒಂದು ವಸ್ತುವಿನ ಹೆಸರು ಹೇಳುತ್ತಾರೆ. ಅಟ್ಟಕ್ಕೆ ಹೋದ ರೊಟ್ಟಿ ಹಂಚು, ತಮ್ಮನಿಗೆ ಕೊಟ್ಟುಬಿಟ್ಟ ಸೈಕಲ್, ಬೇರೆಯವರ ಪಾಲಾದ ಎತ್ತು. ಕಾಯಿಲೆ ಮೈಯೊಳಗಿದ್ದರೂ ಅದರ ಸೂತಕ ಈ ವಸ್ತುಗಳ ಮೇಲೆ ಕೂತಿರುತ್ತದೆ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ವೃತ್ತಿಯ ಮೊದಲ ವರ್ಷಗಳಲ್ಲಿ ನಿಮ್ಮಂಥ ಒಬ್ಬ ಹೆಣ್ಣುಮಗಳಿಗೆ 'ಧೈರ್ಯವಾಗಿರಿ, ಒಳ್ಳೆಯದನ್ನೇ ಯೋಚನೆ ಮಾಡಿ' ಎಂದು ಹೇಳಿ ಕಳಿಸಿದ್ದೆ. ಆಕೆ ತಲೆ ಆಡಿಸಿದರು, ಎದ್ದು ಹೋದರು, ಮತ್ತೆ ಬರಲಿಲ್ಲ. ಊರಿನವರೆಲ್ಲ ಹೇಳುವ ಮಾತನ್ನೇ ನಾನೂ ಹೇಳಿದೆ ಎಂದು ಅರ್ಥವಾಗುವ ಹೊತ್ತಿಗೆ ತಡವಾಗಿತ್ತು. ಆದ್ದರಿಂದ ನಿಮಗೆ ಆ ಮಾತು ಹೇಳುವುದಿಲ್ಲ.

ಮೊದಲು ಮೈಯ ವಿಷಯ. ಯಾಕೆಂದರೆ ನೀವು ನಿಮ್ಮ ಬಗ್ಗೆ ಹೊರಿಸಿಕೊಂಡಿರುವ ಆರೋಪಗಳಲ್ಲಿ ಅರ್ಧ ಕಾಯಿಲೆಯ ಮೇಲೆ ಹೋಗಬೇಕಾದವು. ರುಮಟಾಯ್ಡ್ ಸಂಧಿವಾತ ಎಂದರೆ ಕೀಲು ಸವೆದದ್ದಲ್ಲ, ವಯಸ್ಸಾದದ್ದಲ್ಲ, ಥಂಡಿ ಹಿಡಿದದ್ದೂ ಅಲ್ಲ. ಸೋಂಕಿನಿಂದ ಕಾಪಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಅಲ್ಲಿ ಉರಿಯೂತ ಎದ್ದು, ಬಿಟ್ಟರೆ ಮೃದ್ವಸ್ಥಿಯನ್ನೂ (ಮೂಳೆಯ ತುದಿಯ ಮೆತ್ತನೆ ಹೊದಿಕೆ), ಮೂಳೆಯನ್ನೂ ತಿನ್ನುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ರಾತ್ರಿ ಅಲುಗಾಡದೆ ಮಲಗಿದಾಗ ಕೀಲು ಬಿಗಿದುಕೊಳ್ಳುವುದರಿಂದ ಬೆಳಗಿನ ಆ ಒಂದು ಗಂಟೆ ನಿಮ್ಮ ಸೋಮಾರಿತನವಲ್ಲ, ರೋಗದ ಗುರುತೇ ಅದು. ದಣಿವು ಕೂಡ ಹಾಗೆಯೇ. ಉರಿಯೂತ ಕೀಲಿನಲ್ಲೇ ನಿಲ್ಲುವುದಿಲ್ಲ, ಇಡೀ ಮೈಯನ್ನು ಜ್ವರ ಬಂದು ಹೋದ ಮರುದಿನದ ಹಾಗೆ ಮಾಡಿಡುತ್ತದೆ. ಇದು ನಿದ್ದೆ ಮಾಡಿದರೆ ಪೂರ್ತಿ ಹೋಗುವ ಸುಸ್ತಲ್ಲ. 'ಹಿಂದಿನ ಜನ್ಮದ್ದು' ಎಂದು ಯಾರಾದರೂ ಅಂದರೆ ಆ ಮಾತನ್ನು ಹೊಸ್ತಿಲ ಆಚೆಯೇ ಬಿಡಿ. ಇದರಲ್ಲಿ ನಿಮ್ಮ ತಪ್ಪು ಒಂದೂ ಇಲ್ಲ.

ಪುಡಿಯ ವಿಷಯದಲ್ಲಿ ನಾನು ಕಟುವಾಗಿಯೇ ಹೇಳುತ್ತೇನೆ: ತೆಗೆದುಕೊಳ್ಳಬೇಡಿ. ಏನು ಹಾಕಿದ್ದಾರೆಂದು ಹೇಳದ ಇಂಥ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಮತ್ತೆ ಮತ್ತೆ ಪತ್ತೆಯಾಗಿದೆ. ಮೂರೇ ದಿನಕ್ಕೆ ನೋವು ಮಾಯವಾದಂತೆ ಅನಿಸುವುದು ಅದಕ್ಕೇ. ತಿಂಗಳುಗಟ್ಟಲೆ ಹೋದರೆ ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ನಿಮ್ಮ ಮಾತ್ರೆ ಯಾವುದೆಂದು ನೀವು ಬರೆದಿಲ್ಲ. ಈ ಕಾಯಿಲೆಗೆ ಸಾಮಾನ್ಯವಾಗಿ ಮೊದಲು ಕೊಡುವುದು ಮೆಥೊಟ್ರೆಕ್ಸೇಟ್. ಅದಾಗಿದ್ದರೆ ಒಂದು ಮಾತು ನೆನಪಿರಲಿ: ಅದು ವಾರಕ್ಕೊಮ್ಮೆ ಮಾತ್ರ. ದಿನದ ಮಾತ್ರೆ ಎಂದು ತಿಳಿದು ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ವಾರದಲ್ಲಿ ಅದನ್ನು ನುಂಗುವ ಆ ಒಂದು ದಿನ ಯಾವುದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಗೋಡೆಗೆ ತೂಗುಹಾಕಿ. ವೈದ್ಯರು ಹೇಳಿದಷ್ಟು ದಿನಕ್ಕೊಮ್ಮೆ ರಕ್ತ ಮತ್ತು ಲಿವರ್ ಪರೀಕ್ಷೆ ತಪ್ಪಿಸಬೇಡಿ. ಇನ್ನೂ ಮುಖ್ಯವಾದದ್ದು: ಆರು ವರ್ಷದ ಚಿಕಿತ್ಸೆಯ ಮೇಲೂ ಒಂದು ಗಂಟೆ ಬಿಗಿತ ಇದೆ ಎಂದರೆ ರೋಗ ಇನ್ನೂ ಪೂರ್ತಿ ತಣ್ಣಗಾಗಿಲ್ಲ ಎಂದೇ ನನ್ನ ಅನುಮಾನ. 'ಇಷ್ಟೇ, ಸಹಿಸಿಕೊಳ್ಳಬೇಕು' ಎಂದು ಕೂರದೆ ಕೀಲುರೋಗ ತಜ್ಞರನ್ನು ಮತ್ತೆ ಕೇಳಿ. ಪ್ರಮಾಣ ಬದಲಿಸಬಹುದು, ಜೊತೆಗೆ ಇನ್ನೊಂದು ಔಷಧಿ ಸೇರಿಸಬಹುದು. ಕಳೆದ ಮೂರ್ನಾಲ್ಕು ದಶಕಗಳಲ್ಲಿ ಈ ಕಾಯಿಲೆಯ ಚಿಕಿತ್ಸೆ ಬದಲಾದಷ್ಟು ಬಹಳ ಕಡಿಮೆ ಕಾಯಿಲೆಗಳದ್ದು ಬದಲಾಗಿದೆ.

ಅರ್ಥದ ಪ್ರಶ್ನೆ ಕೇಳಿದರೆ ಮಾತ್ರೆಯ ಮಾತು ಯಾಕೆ ಎನ್ನಬಹುದು ನೀವು. ಕಾರಣವಿದೆ. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ನಾಜಿಗಳ ಸೆರೆಶಿಬಿರಗಳನ್ನು ದಾಟಿ ಬದುಕಿ ಬಂದವರು. ನೋವಿನಲ್ಲೂ ಅರ್ಥ ಉಳಿಸಿಕೊಳ್ಳಬಹುದು ಎಂದು ಜಗತ್ತಿಗೆ ಹೇಳಿದವರಲ್ಲಿ ಅವರದೇ ದೊಡ್ಡ ಹೆಸರು. ಅವರ ಮಾತಿನ ಇನ್ನರ್ಧವನ್ನು ಮಾತ್ರ ಜನ ಬಿಟ್ಟುಬಿಡುತ್ತಾರೆ: ತಪ್ಪಿಸಬಹುದಾದ ನೋವನ್ನು ಮೊದಲು ತಪ್ಪಿಸಬೇಕು, ಸುಮ್ಮನೆ ಅನುಭವಿಸುವುದರಲ್ಲಿ ದೊಡ್ಡತನವಿಲ್ಲ ಎಂದೂ ಅವರೇ ಹೇಳಿದ್ದಾರೆ. ನಮ್ಮ ಕಡೆ ಹೆಣ್ಣುಮಕ್ಕಳು ನೋವು ನುಂಗುವುದನ್ನೇ ಗುಣ ಎಂದು ಹೊಗಳಿಸಿಕೊಂಡು ಬೆಳೆದವರು. ಆ ಹೊಗಳಿಕೆಯೇ ಎಷ್ಟೋ ಬೆರಳುಗಳನ್ನು ಸೊಟ್ಟ ಮಾಡಿದೆ.

ಈಗ ಯುಗಾದಿಯ ಆ ದಿನಕ್ಕೆ ಬರೋಣ. ನಾಲ್ಕು ಬ್ಲೌಸ್ ಬಟ್ಟೆಯನ್ನು ಮಡಚಿ ವಾಪಸ್ ಕೊಟ್ಟ ದಿನ. ಅವತ್ತು ನೀವು ಅತ್ತಿರಾ? ಪತ್ರದಲ್ಲಿ ಬರೆದಿಲ್ಲ. ನನ್ನ ಊಹೆ, ಅಳಲಿಲ್ಲ. ಮೆಷಿನ್‌ಗೆ ಸೀರೆ ಹೊದಿಸಿ ಒಳಗೆ ಹೋಗಿ ಅನ್ನಕ್ಕೆ ಇಟ್ಟಿರಿ. 1982ರಲ್ಲಿ ಮೈಕೆಲ್ ಬ್ಯೂರಿ ಎಂಬ ಬ್ರಿಟಿಷ್ ಸಮಾಜಶಾಸ್ತ್ರಜ್ಞ ನಿಮ್ಮದೇ ಕಾಯಿಲೆಯ ಜನರನ್ನು ಕೂರಿಸಿಕೊಂಡು ಮಾತಾಡಿಸಿ ಒಂದು ಲೇಖನ ಬರೆದ. ಅವನು ಕಂಡದ್ದು ಇಷ್ಟು: ಇಂಥ ಕಾಯಿಲೆ ಕೀಲನ್ನು ಮಾತ್ರ ಕೆಡಿಸುವುದಿಲ್ಲ, ಮನುಷ್ಯ ತನ್ನ ಬಗ್ಗೆ ತಾನೇ ಹೇಳಿಕೊಂಡು ಬಂದ ಕತೆಯನ್ನು ನಡುವೆ ತುಂಡು ಮಾಡುತ್ತದೆ. 'ನಾನು ಹೊಲಿಯುವವಳು, ಮಗಳ ಫೀಸು ನನ್ನ ಮೆಷಿನ್ನಿನಿಂದ ಬರುತ್ತದೆ, ಅಳತೆ ತಪ್ಪಿದರೆ ರಾತ್ರಿ ಕೂತು ಬಿಚ್ಚಿ ಹೊಲಿದು ಕೊಡುತ್ತೇನೆ' ಎಂಬ ಕತೆ ಇಪ್ಪತ್ತು ವರ್ಷ ನಡೆದು ಒಂದು ಬೆಳಿಗ್ಗೆ ನಿಂತುಹೋಯಿತು. ಸತ್ತವರಿಗಾದರೆ ಹನ್ನೊಂದು ದಿನ ಅಂತಿದೆ, ನಂಟರು ಬರುತ್ತಾರೆ, ಬುತ್ತಿ ತರುತ್ತಾರೆ. ಬದುಕಿರುವಾಗಲೇ ಹೋದ ಕೈಗೆ ಯಾರೂ ಬರುವುದಿಲ್ಲ. ಅದಕ್ಕೆ ದುಃಖಪಡಲು ನಿಮಗೆ ಅಪ್ಪಣೆ ಬೇಕಿದ್ದರೆ ವೈದ್ಯೆಯಾಗಿ ನಾನು ಕೊಡುತ್ತೇನೆ. ಮಗಳ ಜೊತೆಯೋ ಅಕ್ಕನ ಜೊತೆಯೋ ಕೂತು, 'ಆ ಹೊಲಿಗೆ ನನಗೆ ಏನಾಗಿತ್ತು ಗೊತ್ತಾ' ಎಂದು ಒಂದು ಸಂಜೆ ಪೂರ್ತಿ ಹೇಳಿಕೊಳ್ಳಿ. ಅಳು ಬಂದರೆ ಬರಲಿ. ಅದಾಗದೆ ಮುಂದಿನದ್ದು ಯಾವುದೂ ಕಚ್ಚಿಕೊಳ್ಳುವುದಿಲ್ಲ.

ಕಾಯಕವೇ ಕೈಲಾಸ ಎಂದು ಬರೆದಿದ್ದೀರಿ. ಈ ಮಾತು ನಮ್ಮ ಜಿಲ್ಲೆಯಲ್ಲಿ ಶಾಲೆಯ ಗೋಡೆಯಿಂದ ಲಾರಿಯ ಹಿಂಬದಿಯವರೆಗೆ ಎಲ್ಲ ಕಡೆ ಇದೆ. ಎಷ್ಟು ಓದಿದ್ದೇವೆ ಎಂದರೆ ಅದರ ಹಿಂದಿನ ಕತೆಯನ್ನೇ ಮರೆತಿದ್ದೇವೆ. ಹನ್ನೆರಡನೇ ಶತಮಾನದ ಆಯ್ದಕ್ಕಿ ಮಾರಯ್ಯನ ವಚನದಲ್ಲಿ ಬರುವ ಮಾತು ಅದು. ಅವನ ಕಾಯಕ ನೆಲಕ್ಕೆ ಬಿದ್ದ ಅಕ್ಕಿ ಆಯುವುದು. ಒಂದು ದಿನ ದಿನದ ಅಳತೆಗಿಂತ ಹೆಚ್ಚು ಆಯ್ದು ತಂದ. ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟೊಂದರ ಆಸೆ ನಿಮಗೇಕೆ, ಹೆಚ್ಚಾದದ್ದನ್ನು ಅಲ್ಲೇ ಹೋಗಿ ಸುರಿದು ಬನ್ನಿ ಎಂದು ತಿರುಗಿಸಿ ಕಳಿಸಿದಳು.

ಈ ಕತೆಯನ್ನು ದುರಾಸೆಗೆ ವಿರುದ್ಧದ ಪಾಠ ಎಂದು ಮಕ್ಕಳಿಗೆ ಹೇಳುತ್ತೇವೆ. ನನಗೆ ಅದು ಕಾಯಿಲೆಯವರ ಕತೆಯಾಗಿಯೂ ಕಾಣುತ್ತದೆ. ಕಾಯಕವನ್ನು ಕೈಲಾಸಕ್ಕೆ ಏರಿಸಿದ ಮನೆಯಲ್ಲೇ ಕಾಯಕಕ್ಕೆ ಒಂದು ಮೇರೆ ಇತ್ತು. ಇವತ್ತಿನ ಅಳತೆ ಇವತ್ತಿಗೆ. ಎಷ್ಟು ಆಯ್ದೆ ಎಂಬುದರಲ್ಲಿ ಅದರ ಬೆಲೆ ಇರಲಿಲ್ಲ. ಇದ್ದಿದ್ದರೆ ಲಕ್ಕಮ್ಮ ಆ ಹೆಚ್ಚಿನ ಅಕ್ಕಿಯನ್ನು ಮಡಕೆಗೆ ತುಂಬಿಕೊಳ್ಳುತ್ತಿದ್ದಳು. ನೀವು ಆರು ಬ್ಲೌಸ್ ಹೊಲಿದದ್ದನ್ನು ಕಾಯಕ ಎಂದು, ಅರ್ಧ ಬ್ಲೌಸ್ ಹೊಲಿದದ್ದನ್ನು ಸೋಲು ಎಂದು ಎಣಿಸುತ್ತಿದ್ದೀರಿ. ಆ ಎಣಿಕೆ ಲಕ್ಕಮ್ಮನದಲ್ಲ. ಆರ್ಡರ್ ತಗೊಂಡು ಹಬ್ಬದ ಹಿಂದಿನ ದಿನದ ಗಡುವಿಗೆ ಓಡುವ ಪೇಟೆಯ ಎಣಿಕೆ ಅದು.

ಆರಾಮ ಇದ್ದ ದಿನ ಎಲ್ಲ ಮುಗಿಸಲು ಹೋಗಿ ನಾಲ್ಕು ದಿನ ಮಲಗುವುದು ನಾನು ಎಲ್ಲ ದೀರ್ಘ ಕಾಯಿಲೆಯವರಲ್ಲೂ ನೋಡುವ ಸುಳಿ. ಒಳ್ಳೆಯ ದಿನ ಕಂಡ ಕೂಡಲೇ ಸಾಲ ತೀರಿಸುವ ಆತುರ. ಮೈ ಮರುದಿನ ಬಡ್ಡಿ ಹಾಕಿ ವಸೂಲು ಮಾಡುತ್ತದೆ. ನಾಲ್ಕು ದಿನ ಬಿದ್ದಾಗ ಕೆಲಸ ಬೆಟ್ಟವಾಗುತ್ತದೆ, ಐದನೇ ದಿನ ಮತ್ತೆ ಓಟ. ಹೀಗೆ ಸುತ್ತುತ್ತ ಸುತ್ತುತ್ತ ಕೈಲಾಗುವ ಕೆಲಸವೂ ಕೈ ಬಿಡುತ್ತದೆ. ಇದನ್ನು ಮುರಿಯುವ ಬಗೆ ಹೀಗಿದೆ. ಒಂದು ವಾರ ಅಳತೆ ಬರೆಯುವ ನಿಮ್ಮ ಪುಸ್ತಕದಲ್ಲೇ ಬರೆದಿಡಿ: ಯಾವ ಕೆಲಸ, ಎಷ್ಟು ನಿಮಿಷಕ್ಕೆ ನೋವು ಏರಿತು. ಮೆಷಿನ್ ತುಳಿಯಲು 25 ನಿಮಿಷ, ಕತ್ತರಿ ಹಿಡಿಯಲು 10, ಹೆಮ್ಮಿಂಗ್ ಮಾಡಲು 5 ಎಂದು ಬರಬಹುದು. ಮುಂದಿನ ವಾರದಿಂದ ನೋವು ಏರುವ ಮುಂಚೆಯೇ ನಿಲ್ಲಿಸಬೇಕು. 25ಕ್ಕೆ ಏರುತ್ತಿದ್ದರೆ 15ಕ್ಕೆ ಏಳಿ. ಫೋನಿನಲ್ಲಿ ಅಲಾರಂ ಇಡಿ, ಅದು ಬಡಿದಾಗ ಹೊಲಿಗೆ ನಡುವೆ ಇದ್ದರೂ ಸೂಜಿ ಎತ್ತಿಬಿಡಿ. ಹತ್ತು ನಿಮಿಷ ಕೈ ಮಡಿಲಲ್ಲಿಟ್ಟು ಕೂತು, ಬೇಕಿದ್ದರೆ ಇನ್ನೊಂದು ಹದಿನೈದು.

ಕಷ್ಟ ಇರುವುದು ಒಳ್ಳೆಯ ದಿನ. ಅವತ್ತು ಕೈ ಹಗುರಾಗಿರುತ್ತದೆ, 'ಇನ್ನೊಂದು ತೋಳು ಹಚ್ಚಿಬಿಡಲೇ' ಎನಿಸುತ್ತದೆ. ಅವತ್ತೂ ಅದೇ ಹದಿನೈದು. ಹೆಚ್ಚಿನ ಅಕ್ಕಿಯನ್ನು ಅಲ್ಲೇ ಸುರಿದು ಬರುವುದು ಎಂದರೆ ಇದೇ. ಮೂರ್ನಾಲ್ಕು ವಾರ ಕಳೆದ ಮೇಲೆ, ಮಲಗುವ ದಿನಗಳು ಕಡಿಮೆಯಾದವು ಎಂದು ಕಂಡರೆ, ಎರಡು ಮೂರು ನಿಮಿಷ ಏರಿಸಿ. ಕೀಲು ಕೆಂಪಾಗಿ ಬಿಸಿಯಾಗಿ ಊದಿದ ದಿನ ಮಾತ್ರ ಈ ಲೆಕ್ಕ ಬೇಡ, ಅವತ್ತು ಆ ಕೀಲಿಗೆ ವಿಶ್ರಾಂತಿ, ಮತ್ತು ಊತ ಇಳಿಯದಿದ್ದರೆ ವೈದ್ಯರಿಗೆ ಫೋನ್. ಬೆಳಗಿನ ಹೊತ್ತನ್ನು ಹೊಲಿಗೆಗೆ ಇಡಲೇಬೇಡಿ. ಬೋಗುಣಿಯಲ್ಲಿ ಬೆಚ್ಚಗಿನ ನೀರಿಟ್ಟು ಎರಡೂ ಕೈ ಮುಳುಗಿಸಿ ಬೆರಳು ಮಡಚಿ ಬಿಡಿಸಿ, ಹನ್ನೊಂದರ ಮೇಲೆ ಕೂತುಕೊಳ್ಳಿ. ಬಟ್ಟೆ ಹಿಂಡುವುದು, ತುಂಬಿದ ಕೊಡ ಒಂದೇ ಕೈಯಲ್ಲಿ ಎತ್ತುವುದು, ಬಿಗಿಯಾದ ಡಬ್ಬಿ ಮುಚ್ಚಳ ತಿರುಗಿಸುವುದು, ಇವು ಸಣ್ಣ ಕೀಲುಗಳ ವೈರಿಗಳು. ಪಾತ್ರೆಯನ್ನು ಬೆರಳಿನಿಂದ ಎತ್ತದೆ ಎರಡೂ ಅಂಗೈ ಕೆಳಗೆ ಕೊಟ್ಟು ಎತ್ತಿ. ಹೊಲಿಗೆಯಲ್ಲಿ ಹುಕ್ಕು, ಕಾಜ, ಹೆಮ್ಮಿಂಗ್ ಬೇರೆಯವರಿಗೆ ಹೋಗಲಿ. ಅದನ್ನು ಮಾಡಿಕೊಡುವ ಹುಡುಗಿಯರು ನಿಮ್ಮ ಓಣಿಯಲ್ಲೇ ಇರುತ್ತಾರೆ, ಅವರಿಗೂ ನಾಲ್ಕು ಕಾಸು.

ಗಟ್ಟಿಯಾಗಿರು ಎನ್ನುವವರ ಬಗ್ಗೆಯೂ ಒಂದು ಮಾತು. ಅವರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಗಟ್ಟಿತನ ಎಂದರೆ ಏನೆಂದು ನಿಮ್ಮ ಕಸುಬೇ ಅವರಿಗಿಂತ ಚೆನ್ನಾಗಿ ಬಲ್ಲದು. ಬ್ಲೌಸ್ ಹೊಲಿಯುವಾಗ ಪಕ್ಕದಲ್ಲಿ ಒಂದಿಂಚು ಬಟ್ಟೆ ಒಳಗೆ ಬಿಡುತ್ತೀರಿ. ಹೊರಗೆ ಕಾಣುವುದಿಲ್ಲ. ವರ್ಷ ಕಳೆದು ಮೈ ಬಂದಾಗ ಒಂದು ಹೊಲಿಗೆ ಬಿಚ್ಚಿದರೆ ಅದೇ ಬ್ಲೌಸ್ ಮತ್ತೆ ಒಪ್ಪುತ್ತದೆ. ಒಳಗೆ ಬಟ್ಟೆ ಬಿಡದೆ ಅಂಚಿಗೇ ಹೊಲಿದದ್ದು ಎಷ್ಟೇ ಬಲವಾದ ದಾರವಿದ್ದರೂ ಹರಿಯುತ್ತದೆ. ಬದುಕು ಹರಿಯದೆ ಉಳಿದವರನ್ನು ನಾನು ಇಷ್ಟು ವರ್ಷ ನೋಡಿದ್ದೇನೆ. ಅವರ ದಾರ ಬೇರೆಯವರದಕ್ಕಿಂತ ಬಲವಾಗಿರಲಿಲ್ಲ. ಒಳಗೆ ಬಟ್ಟೆ ಬಿಟ್ಟಿದ್ದರು. ದಿನದಲ್ಲಿ ಯಾವುದಕ್ಕೂ ಮೀಸಲಿಡದ ಒಂದು ಗಂಟೆ, ವಾರದಲ್ಲಿ ಯಾರಿಗೂ ಒಪ್ಪಿಕೊಳ್ಳದ ಒಂದು ದಿನ, 'ಆಗಲ್ಲ' ಎಂದರೆ ಮುನಿಸಿಕೊಳ್ಳದ ಒಬ್ಬಿಬ್ಬರು. ಇಷ್ಟೇ ಅವರ ಗುಟ್ಟು.

ಆ ಒಬ್ಬಿಬ್ಬರನ್ನು ಪಡೆಯಬೇಕಾದರೆ ಬಾಯಿ ಬಿಡಬೇಕು. ಹೊರಗೆ ಕಾಣದ ಕಾಯಿಲೆಯ ದೊಡ್ಡ ಕಷ್ಟ ಇದು: ಕಾಲು ಮುರಿದರೆ ಪಟ್ಟಿ ಮಾತಾಡುತ್ತದೆ, ಇಲ್ಲಿ ನೀವೇ ಮಾತಾಡಬೇಕು. 'ನನಗೆ ಆರಾಮಿಲ್ಲ' ಎಂದರೆ ಕೇಳಿದವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ಸಲಹೆ ಕೊಟ್ಟು ಹೋಗುತ್ತಾರೆ. ಕೆಲಸದ ಭಾಷೆಯಲ್ಲಿ ಹೇಳಿ. 'ಹೊರಗ ಕಾಣಂಗಿಲ್ಲ, ಒಳಗ ಐತಿ. ಕೈ ತಿರುವಾಕ ಆಗವಲ್ದು, ಈ ಬಟ್ಟಿ ಒಂದೀಟು ಹಿಂಡಿ ಕೊಡ್ರಿ.' ಹೀಗೆ ಕೇಳಿದಾಗ ಹತ್ತರಲ್ಲಿ ಎಂಟು ಮಂದಿ ಹಿಂಡಿಕೊಡುತ್ತಾರೆ. ಉಳಿದ ಇಬ್ಬರ ಬಗ್ಗೆ ನೀವು ತಿಳಿಯಬೇಕಾದದ್ದನ್ನು ತಿಳಿದ ಹಾಗಾಯಿತು. ಮನೆಯವರನ್ನು ಒಮ್ಮೆ ವೈದ್ಯರ ಭೇಟಿಗೆ ಕರೆದುಕೊಂಡು ಹೋಗಿ. ನೀವು ಹತ್ತು ಸಲ ಹೇಳಿದ್ದು ಹೊಕ್ಕದ ಕಿವಿಗೆ ಡಾಕ್ಟರು ಒಂದು ಸಲ ಹೇಳಿದ್ದು ಹೊಗುತ್ತದೆ. ಇದು ನ್ಯಾಯವಲ್ಲ, ಆದರೂ ಉಪಯೋಗಕ್ಕೆ ಬರುತ್ತದೆ.

ಇನ್ನು ನೀವು ಕೇಳಿದ ಅರ್ಥ. ಕಾಯಿಲೆಗೇ ಒಂದು ಅರ್ಥ ಇದೆ, ಅದು ಏನನ್ನೋ ಕಲಿಸಲು ಬಂದಿದೆ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ದಾರಿ ತಪ್ಪಿದ ರಕ್ತಕಣಗಳಿಗೆ ಯಾವ ಉದ್ದೇಶವೂ ಇಲ್ಲ. ಅರ್ಥ ಇರುವುದು ನಿಮ್ಮಲ್ಲಿ, ಕಾಯಿಲೆಗೆ ಮುಂಚೆಯೂ ಅದು ನಿಮ್ಮಲ್ಲೇ ಇತ್ತು. ಈಗ ಅದಕ್ಕೆ ಹಳೇ ಬಾಗಿಲು ಮುಚ್ಚಿದೆ.

ಇಷ್ಟಲಿಂಗ ಪೂಜೆ ಬಿಡದ ಒಬ್ಬ ಹಿರಿಯರು ನನ್ನಲ್ಲಿಗೆ ಬರುತ್ತಿದ್ದರು. ಅವರಿಗೂ ನಿಮ್ಮದೇ ಕಾಯಿಲೆ. ಎಡ ಅಂಗೈಯಲ್ಲಿ ಲಿಂಗ ಹಿಡಿದು ದಿಟ್ಟಿಸಿ ಕೂರಬೇಕು, ಬೆರಳು ಬಾಗದೆ ಲಿಂಗ ಜಾರಿತು. ಒಂದು ವಾರ ಪೂಜೆ ನಿಲ್ಲಿಸಿ ಊಟವೂ ಸೇರದೆ ಕೂತರು. ಆಮೇಲೆ ಅವರ ಸೊಸೆ ಮಡಿಲಿಗೆ ಒಂದು ದಿಂಬು ಕೊಟ್ಟಳು. ದಿಂಬಿನ ಮೇಲೆ ಕೈ ಊರಿ, ಅಂಗೈ ಕೆಳಗೆ ಮಡಚಿದ ವಸ್ತ್ರ ಇಟ್ಟು, ಅವರು ಪೂಜೆಗೆ ಮರಳಿದರು. ಅವರಿಗೆ ಬೇಕಿದ್ದದ್ದು ಲಿಂಗದೆದುರಿನ ಆ ನಿಶ್ಚಲ ಗಳಿಗೆ. ಹಿಡಿಯುವ ರೀತಿ ಅದಕ್ಕೆ ಒಂದು ದಾರಿ ಮಾತ್ರ ಆಗಿತ್ತು. ನಿಮ್ಮ ಹೊಲಿಗೆಯನ್ನೂ ಹೀಗೆ ಬಿಚ್ಚಿ ನೋಡಬೇಕು: ಅದರಲ್ಲಿ ನಿಮಗೆ ಬೇಕಿದ್ದದ್ದು ಯಾವುದು? ದುಡ್ಡೇ? ಮಗಳಿಗೆ ಆಧಾರವಾಗಿದ್ದೇನೆ ಎಂಬ ಭಾವವೇ? ಅಥವಾ ಒಪ್ಪವಾಗಿ ಕೂತ ಕುತ್ತಿಗೆ ಕಟ್ ನೋಡಿದಾಗಿನ ಆ ಸಮಾಧಾನವೇ? ಅಳತೆ ಕೊಡಲು ಬಂದ ಹೆಂಗಸರು ಅರ್ಧ ಗಂಟೆ ಕೂತು ಮನೆ ಕತೆ ಹೇಳಿಕೊಂಡು ಹೋಗುತ್ತಿದ್ದರಲ್ಲ, ಅದೇ? ಒಂದೊಂದಕ್ಕೂ ಬೇರೆ ಬೇರೆ ದಿಂಬು ಬೇಕಾಗುತ್ತದೆ.

'ಹೊಲಿಗೆ ಕ್ಲಾಸ್ ಶುರು ಮಾಡಿ' ಎಂದು ನಿಮಗೆ ಎಲ್ಲರೂ ಹೇಳಿರುತ್ತಾರೆ. ಕೆಲವರಿಗೆ ಅದು ಒಗ್ಗುತ್ತದೆ. ಕಲಿಸುವುದು ಇಷ್ಟವಿಲ್ಲದವರಿಗೆ ಅದು ಇನ್ನೊಂದು ಭಾರ, ದಯವಿಟ್ಟು ಒತ್ತಾಯಕ್ಕೆ ಒಪ್ಪಿಕೊಳ್ಳಬೇಡಿ. ಆದರೆ ಇಪ್ಪತ್ತು ವರ್ಷದ ಕಣ್ಣು ನಿಮ್ಮದು. ಎದುರು ನಿಂತವಳ ಹೆಗಲು ಒಂದು ಕಡೆ ಇಳಿದಿದೆ ಎಂದು ಟೇಪ್ ಹಿಡಿಯುವ ಮುಂಚೆಯೇ ನಿಮಗೆ ಕಾಣುತ್ತದೆ. ಆ ಕಣ್ಣಿಗೆ ಸಂಧಿವಾತ ಬಂದಿಲ್ಲ. ಅಳತೆ, ಮಾರ್ಕಿಂಗ್, ಫಿಟ್ಟಿಂಗ್ ನೋಡುವುದು ನಿಮ್ಮದು, ಹೊಲಿಗೆ ಇನ್ನೊಬ್ಬಳದು ಎಂಬ ಪಾಲುಗಾರಿಕೆ ನಡೆಯಬಹುದು. ನಡೆಯದೆಯೂ ಇರಬಹುದು. ಆದಾಯ ಕಡಿಮೆಯಾಗಿರುವುದು ನಿಜವಾದ ನಷ್ಟ, ಅದನ್ನು ಮನಸ್ಸಿನ ಮಾತಿನಿಂದ ತುಂಬಿಕೊಡಲು ನನಗೆ ಬರುವುದಿಲ್ಲ. ಕೀಲುಗಳು ಶಾಶ್ವತವಾಗಿ ಡೊಂಕಾಗಿದ್ದರೆ ಚಲನ ವೈಕಲ್ಯದ ಲೆಕ್ಕದಲ್ಲಿ ಅಂಗವಿಕಲರ ಗುರುತಿನ ಚೀಟಿ ಸಿಗುತ್ತದೆಯೇ ಎಂದು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 2016ರ ಕಾಯ್ದೆಯ ಪ್ರಕಾರ ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವೆಂದು ಪ್ರಮಾಣಪತ್ರವಾದರೆ ಹಲವು ಸವಲತ್ತುಗಳಿಗೆ ಬಾಗಿಲು ತೆರೆಯುತ್ತದೆ. ಅದನ್ನು ಕೇಳುವುದರಲ್ಲಿ ನಾಚಿಕೆಯಿಲ್ಲ.

ಹಿರಿಯೂರು ಕಡೆಯ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ನೆನಪಾಗುತ್ತಾರೆ. ಕಿಡ್ನಿ ಸೋತು ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಮೊದಲ ಆರು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದರಂತೆ. ಒಂದು ದಿನ ಪಕ್ಕದ ಹಾಸಿಗೆಯ ಹುಡುಗ, ಮುಗಿದ ಮೇಲೆ ಊರಿಗೆ ಬಸ್ ಸಿಗದೆ ರಾತ್ರಿ ಸ್ಟ್ಯಾಂಡಿನಲ್ಲೇ ಮಲಗಿದೆ ಎಂದ. ಇವರಿಗೆ ಆ ದಾರಿಯ ಬಸ್ಸಿನ ವೇಳೆಯೆಲ್ಲ ಬಾಯಿಪಾಠ. ಯಾರು ಯಾವ ಊರಿನವರು, ಯಾರನ್ನು ಮೊದಲ ಪಾಳಿಗೆ ಹಾಕಿದರೆ ಯಾವ ಬಸ್ ಸಿಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ನರ್ಸ್ ಕೈಗೆ ಕೊಟ್ಟರು. ಆಮೇಲೆ ಹೊಸದಾಗಿ ಬಂದವರನ್ನೆಲ್ಲ ನರ್ಸಮ್ಮ ಇವರ ಹಾಸಿಗೆ ಹತ್ತಿರ ಕಳಿಸುತ್ತಿದ್ದರು. ಕಿಡ್ನಿ ಸರಿಹೋಗಲಿಲ್ಲ. ಆದರೆ ಮುಖ ಗೋಡೆಯಿಂದ ತಿರುಗಿತು.

ಇಂಥ ಕತೆ ಕೇಳಿ 'ನನಗೆ ಅದೂ ಇಲ್ಲವಲ್ಲ' ಎಂದು ಕೊರಗುವವರೂ ಇದ್ದಾರೆ. ಅವರಿಗಾಗಿ ಇನ್ನೊಬ್ಬರನ್ನು ನೆನೆಯುತ್ತೇನೆ. ಲೂಪಸ್ ಇರುವ ಒಬ್ಬ ಶಾಲಾ ಶಿಕ್ಷಕಿ. ಅದೂ ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೈಯ ಮೇಲೇ ಬೀಳುವ ಕಾಯಿಲೆ. ನಾನು ಅರ್ಥ, ಉದ್ದೇಶ ಎಂದೆಲ್ಲ ಮಾತು ತೆಗೆದಾಗ ಕೈ ಎತ್ತಿ ತಡೆದರು. 'ಅದೆಲ್ಲ ಆಮೇಲೆ ಮೇಡಂ. ಇವತ್ತು ಯಾರ ಕೈನೂ ಹಿಡೀದೆ ಬಚ್ಚಲಿಗೆ ಹೋಗಿ ಬಂದೀನಿ. ಇವತ್ತಿಗೆ ಅಷ್ಟು ಸಾಕು.' ನನಗೆ ಅವರು ಮಾಡಿದ ಉಪಕಾರ ದೊಡ್ಡದು. ಉಲ್ಬಣಿಸಿದ ದಿನಗಳಲ್ಲಿ ಬದುಕಿನ ಅರ್ಥ ಹುಡುಕಬೇಕಾಗಿಲ್ಲ. ಆ ದಿನ ದಾಟಿದರೆ ಅದೇ ಆ ದಿನದ ಅಕ್ಕಿ.

ಒಂದನ್ನು ಮಾತ್ರ ನೇರವಾಗಿ ಕೇಳುತ್ತೇನೆ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಮಂಕಾಗಿದೆಯೇ? ಇಷ್ಟವಿದ್ದ ಊಟ, ಟಿವಿ, ಮಗಳ ಮಾತು ಯಾವುದೂ ರುಚಿಸುತ್ತಿಲ್ಲವೇ? ನೋವಿಲ್ಲದ ರಾತ್ರಿಯೂ ನಿದ್ದೆ ಮೂರು ಗಂಟೆಗೇ ಒಡೆದುಹೋಗುತ್ತದೆಯೇ? ನಾನಿಲ್ಲದಿದ್ದರೆ ಇವರಿಗೇ ಹಗುರ ಎಂಬ ಯೋಚನೆ ಸುಳಿಯುತ್ತದೆಯೇ? ಇದ್ದರೆ ಅದು ಖಿನ್ನತೆ ಇರಬಹುದು. ಉರಿಯೂತದ ಕಾಯಿಲೆಗಳಲ್ಲಿ ಖಿನ್ನತೆ ಸಾಮಾನ್ಯರಿಗಿಂತ ಹೆಚ್ಚು, ಮತ್ತು ಅದು ನೋವನ್ನೂ ಹೆಚ್ಚಿಸುತ್ತದೆ. ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಇದೆ, ಕೀಲಿನ ಮಾತ್ರೆಯ ಜೊತೆಗೇ ತೆಗೆದುಕೊಳ್ಳಬಹುದು, ಎರಡೂ ಕಡೆಯ ವೈದ್ಯರಿಗೆ ಎರಡೂ ಚೀಟಿ ತೋರಿಸಬೇಕು ಅಷ್ಟೇ. ಕೊನೆಯ ಯೋಚನೆ ಬಂದಿದ್ದರೆ ಕಾಯಬೇಡಿ, ಇವತ್ತೇ ಮನೆಯ ಒಬ್ಬರಿಗೆ ಹೇಳಿ. 14416ಕ್ಕೆ ಕರೆ ಮಾಡಿದರೆ ಟೆಲಿಮಾನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಯಾವ ಹೊತ್ತಿಗೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೂ ನೇರವಾಗಿ ಹೋಗಬಹುದು.

ಈ ವಾರ ಒಂದೇ ಕೆಲಸ ಮಾಡಿ. ಮೆಷಿನ್ ಮೇಲಿನ ಸೀರೆ ತೆಗೆಯಿರಿ. ಹೊಲಿಯಬೇಕೆಂದಲ್ಲ. ಎಣ್ಣೆ ಬಿಟ್ಟು, ಚಕ್ರ ಒಂದು ಸುತ್ತು ತಿರುಗಿಸಿ, ಹಾಗೇ ಇಡಿ. ಮನಸ್ಸಾದರೆ ಮಗಳದೊಂದು ಹಳೇ ಬ್ಲೌಸಿನ ಪಕ್ಕದ ಹೊಲಿಗೆ ಬಿಚ್ಚಿ ಹೊಲಿಯಿರಿ, ಗಡುವಿಲ್ಲದೆ, ಹದಿನೈದು ನಿಮಿಷದ ಲೆಕ್ಕದಲ್ಲಿ, ಎಷ್ಟು ದಿನವಾದರೂ ಆಗಲಿ. ಮತ್ತೆ ಆಸ್ಪತ್ರೆಗೆ ಹೋಗುವಾಗ ರಿಪೋರ್ಟಿನ ಫೈಲಿನ ಜೊತೆ ನಿಮ್ಮ ಕತ್ತರಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ಫಿಸಿಯೋಥೆರಪಿಯವರ ಎದುರು ಒಂದು ಚೂರು ಬಟ್ಟೆ ಕತ್ತರಿಸಿ ತೋರಿಸಿ, ಯಾವ ಬೆರಳಿಗೆ ಭಾರ ಬೀಳುತ್ತದೆ ಎಂದು ಅವರು ನೋಡಲಿ. ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಬೇಕೋ, ತಾನೇ ತೆರೆದುಕೊಳ್ಳುವ ಸ್ಪ್ರಿಂಗ್ ಕತ್ತರಿ ಬೇಕೋ, ಮಣಿಕಟ್ಟಿಗೆ ಪಟ್ಟಿ ಬೇಕೋ, ಅದು ನೋಡಿದರೇ ತಿಳಿಯುವುದು.